ಆಡಿ ಕೈಬಿಟ್ಟ ಮಾತು: ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕದ ಹಿರಿಯರು

ಶೇಕ್ಸ್‌ಪಿಯರನ ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕದ ದುರಂತಕ್ಕೆ ವಿಮರ್ಶೆಯಲ್ಲೂ ತರಗತಿಯ ಪಾಠದಲ್ಲೂ ಸಾಮಾನ್ಯವಾಗಿ ಎರಡು ಕಾರಣಗಳನ್ನು ಹೇಳಲಾಗುತ್ತದೆ. ಒಂದು ವಿಧಿ, ಇನ್ನೊಂದು ಹಗೆ. ಹದಿನಾಲ್ಕು ಸಾಲಿನ ಪೀಠಿಕಾಪದ್ಯವೇ ಪ್ರೇಮಿಗಳ ಗ್ರಹಗತಿ ಪ್ರತಿಕೂಲವಾದದ್ದೆಂದು ಸಾರುವುದರಿಂದ ಮೊದಲನೆಯದಕ್ಕೆ ಪಠ್ಯದ ಆಧಾರವಿದೆ. ಮಾಂಟೆಗ್ಯೂ ಮತ್ತು ಕ್ಯಾಪ್ಯುಲೆಟ್ ಮನೆತನಗಳ ಬೀದಿಕಾಳಗದಿಂದಲೇ ನಾಟಕ ಆರಂಭವಾಗುವುದರಿಂದ ಎರಡನೆಯದಕ್ಕೂ ಇದೆ. ಆದರೆ ಈ ಎರಡು ವಿವರಣೆಗಳಿಗೂ ಸಮಾನವಾದ ಒಂದು ಅನುಕೂಲವಿದೆ. ಎರಡರಲ್ಲೂ ಉತ್ತರ ಹೇಳಬೇಕಾದ ವ್ಯಕ್ತಿ ಯಾರೂ ಇಲ್ಲ. ನಕ್ಷತ್ರವನ್ನು ಯಾರೂ ವಿಚಾರಣೆಗೆ ಕರೆಯಲಾರರು. ಯಾವ ಕಾರಣಕ್ಕೆ ಹುಟ್ಟಿತೆಂದು ನಾಟಕ ಒಮ್ಮೆಯೂ ತಿಳಿಸದ ಹಗೆಯನ್ನೂ ಕರೆಯಲಾರರು.

ಇದಕ್ಕೆ ಪ್ರತಿಯಾಗಿ, ಹಿರಿಯರೆಲ್ಲ ಕ್ರೂರಿಗಳು, ಮಕ್ಕಳು ಅವರ ಕೈಗೆ ಸಿಕ್ಕ ಮುಗ್ಧರು ಎಂಬ ಓದೂ ಚಲಾವಣೆಯಲ್ಲಿದೆ. ಅದು ಇನ್ನೂ ಸುಲಭದ ಓದು. ವೆರೋನಾದ ಹಿರಿಯರಲ್ಲಿ ದುಷ್ಟರೆನ್ನಬಹುದಾದವರು ಇಲ್ಲ. ತಂದೆ, ಸಾಕುತಾಯಿ, ಸಂನ್ಯಾಸಿ, ದೊರೆ, ಈ ಎಲ್ಲರೂ ಯಾವುದೋ ಒಂದು ಗಳಿಗೆಯಲ್ಲಿ ಸರಿಯಾದ ಮಾತನ್ನೇ ಆಡುತ್ತಾರೆ. ಕೆಲವೊಮ್ಮೆ ಆ ಸನ್ನಿವೇಶದಲ್ಲಿ ಆಡಬಹುದಾದ ಅತ್ಯುತ್ತಮ ಮಾತನ್ನೇ. ಆಡಿದ ಮೇಲೆ ಅದರ ಪಕ್ಕದಲ್ಲಿ ನಿಲ್ಲುವುದಿಲ್ಲ. ಅವರ ಸೋಲಿರುವುದು ಅಜ್ಞಾನದಲ್ಲಲ್ಲ, ತಮಗೇ ಗೊತ್ತಿದ್ದುದನ್ನು ಕೈಬಿಟ್ಟದ್ದರಲ್ಲಿ. ನಾಟಕವನ್ನು ಹೀಗೆ ಓದಿದಾಗ ಅದು ಪ್ರೇಮದ ಕತೆಯಾಗಿರುವಷ್ಟೇ ಮಾತಿಗೆ ತಪ್ಪಿದವರ ಕತೆಯೂ ಆಗಿ ಕಾಣುತ್ತದೆ.

ಮೊದಲು ತಂದೆಯನ್ನು ನೋಡಬೇಕು. ಮೊದಲ ಅಂಕದ ಎರಡನೆಯ ದೃಶ್ಯದಲ್ಲಿ ಪ್ಯಾರಿಸ್ ಹೆಣ್ಣು ಕೇಳಲು ಬಂದಾಗ ಕ್ಯಾಪ್ಯುಲೆಟ್ ಕೊಡುವ ಉತ್ತರ ಆ ಕಾಲದ ತಂದೆಯೊಬ್ಬನಿಂದ ನಿರೀಕ್ಷಿಸಬಹುದಾದುದಕ್ಕಿಂತ ಹೆಚ್ಚು ಉದಾರವಾದದ್ದು. ಮಗಳಿಗಿನ್ನೂ ಹದಿನಾಲ್ಕು ತುಂಬಿಲ್ಲ, ಎರಡು ಬೇಸಿಗೆಯಾದರೂ ಕಳೆಯಲಿ ಎನ್ನುತ್ತಾನೆ. ಅವಳಿಗಿಂತ ಚಿಕ್ಕವರು ತಾಯಂದಿರಾಗಿದ್ದಾರಲ್ಲ ಎಂದು ಪ್ಯಾರಿಸ್ ಹೇಳಿದರೆ, ಹಾಗೆ ಬೇಗ ಆದವರು ಬೇಗ ಕೆಟ್ಟರು ಎಂದು ಉತ್ತರಿಸುತ್ತಾನೆ. ಮುಂದಿನ ದೃಶ್ಯದಲ್ಲಿ ಅವನ ಹೆಂಡತಿ, ತಾನು ಜೂಲಿಯೆಟ್ಟಳ ವಯಸ್ಸಿನಲ್ಲೇ ಅವಳನ್ನು ಹೆತ್ತೆನೆಂದು ಹೇಳುವುದನ್ನು ಕೇಳಿದಾಗ ಅವನ ಮಾತಿನ ಹಿಂದಿದ್ದ ಅನುಭವ ಯಾವುದೆಂದು ತಿಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅವಳ ಮನಸ್ಸನ್ನು ಗೆಲ್ಲು, ಅವಳ ಒಪ್ಪಿಗೆಯ ಮುಂದೆ ತನ್ನ ಇಚ್ಛೆ ಒಂದು ಪಾಲು ಮಾತ್ರ ಎಂದು ಅವನು ಪ್ಯಾರಿಸನಿಗೆ ತಿಳಿಸುತ್ತಾನೆ. ಶೇಕ್ಸ್‌ಪಿಯರನಿಗೆ ಆಕರವಾದ ಆರ್ಥರ್ ಬ್ರೂಕನ ೧೫೬೨ರ ಕಥನಕಾವ್ಯದಲ್ಲಿ ಜೂಲಿಯೆಟ್ಟಳಿಗೆ ಹದಿನಾರು ವರ್ಷ. ನಾಟಕಕಾರ ಅದನ್ನು ಹದಿಮೂರಕ್ಕೆ ಇಳಿಸಿದ. ಅಂದಿನ ಇಂಗ್ಲೆಂಡಿನ ಸಾಮಾನ್ಯ ಕುಟುಂಬಗಳಲ್ಲಿ ಹೆಣ್ಣುಮಕ್ಕಳ ಮದುವೆ ಇಪ್ಪತ್ತು ದಾಟಿದ ಮೇಲೆಯೇ ಆಗುತ್ತಿದ್ದುದರಿಂದ ಪ್ರೇಕ್ಷಕರ ಕಿವಿಗೆ ಈ ಸಂಖ್ಯೆ ತಟ್ಟದೆ ಇರಲಾರದು. ವಯಸ್ಸನ್ನು ಇಳಿಸಿದಷ್ಟೂ ತಂದೆಯ ಆ ಮೊದಲ ಮಾತಿನ ತೂಕ ಏರುತ್ತದೆ.

ಅದೇ ರಾತ್ರಿಯ ಔತಣದಲ್ಲಿ ಕ್ಯಾಪ್ಯುಲೆಟ್ ಇನ್ನೊಂದು ಒಳ್ಳೆಯ ಮಾತು ಆಡುತ್ತಾನೆ. ಮುಖವಾಡ ತೊಟ್ಟು ಬಂದವನು ರೋಮಿಯೋ ಎಂದು ಗುರುತಿಸಿದ ಟಿಬಾಲ್ಟ್ ಕತ್ತಿಗೆ ಕೈಹಾಕಿದಾಗ ಮುದುಕ ಅವನನ್ನು ತಡೆಯುತ್ತಾನೆ. ಆ ಹುಡುಗ ಗುಣವಂತನೆಂದು ಇಡೀ ವೆರೋನಾ ಹೊಗಳುತ್ತದೆ, ನನ್ನ ಮನೆಯಲ್ಲಿ ಅವನಿಗೆ ಅವಮಾನ ಆಗಕೂಡದು ಎನ್ನುತ್ತಾನೆ. ಅತಿಥಿಗಳೆದುರು ಮನೆಯ ಮರ್ಯಾದೆ ಉಳಿಸಿಕೊಳ್ಳುವ ಲೆಕ್ಕಾಚಾರವೂ ಅದರಲ್ಲಿದೆ ನಿಜ. ಆದರೂ ಶತ್ರುವಿನ ಮಗನನ್ನು ಹೊಗಳಬಲ್ಲ ನಾಲಗೆ ಆ ಮನೆಯ ಯಜಮಾನನಿಗೆ ಇತ್ತು. ತಮ್ಮಂಥ ವಯಸ್ಸಾದವರಿಗೆ ಶಾಂತಿ ಕಾಯುವುದು ಕಷ್ಟದ ಕೆಲಸವಲ್ಲವೆಂದು ಅವನೇ ಅಂದು ಮಧ್ಯಾಹ್ನ ಹೇಳಿದ್ದ. ರೋಮಿಯೋ ಅಳಿಯನಾಗಬಲ್ಲ ಎಂಬ ಯೋಚನೆಗೆ ಈ ಎರಡು ಮಾತುಗಳಿಂದ ಎಷ್ಟು ದೂರ?

ಸೋಮವಾರ ರಾತ್ರಿಗೆ ಎಲ್ಲವೂ ಬದಲಾಗುತ್ತದೆ. ಟಿಬಾಲ್ಟ್ ಸತ್ತಿದ್ದಾನೆ, ಮನೆಯಲ್ಲಿ ಸೂತಕವಿದೆ, ಮಗಳು ಕೋಣೆಯಲ್ಲಿ ಅಳುತ್ತಿದ್ದಾಳೆ. ಹೊರಡಲು ಎದ್ದುನಿಂತ ಪ್ಯಾರಿಸನನ್ನು ಕ್ಯಾಪ್ಯುಲೆಟ್ ತಾನೇ ತಡೆದು ಮಗಳನ್ನು ಕೊಡುವುದಾಗಿ ಹೇಳಿಬಿಡುತ್ತಾನೆ. ಅವಳು ತನ್ನ ಮಾತು ಕೇಳುತ್ತಾಳೆಂದು ಮೊದಲು ಊಹಿಸುತ್ತಾನೆ. ಅದೇ ಉಸಿರಿನಲ್ಲಿ ಅದರ ಬಗ್ಗೆ ಸಂಶಯವೇ ಇಲ್ಲವೆನ್ನುತ್ತಾನೆ. ಒಪ್ಪಿಗೆಯ ಜಾಗಕ್ಕೆ ವಿಧೇಯತೆ ಬಂದು ಕುಳಿತದ್ದು ಈ ಒಂದು ಉಸಿರಿನಲ್ಲಿ. ಬಳಿಕ ವಾರ ಯಾವುದೆಂದು ಕೇಳಿಕೊಂಡು, ಬುಧವಾರ ತೀರ ಹತ್ತಿರವಾಯಿತು, ಗುರುವಾರ ಇರಲಿ ಎಂದು ನಿಶ್ಚಯಿಸುತ್ತಾನೆ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮಂಗಳವಾರ ಸಂಜೆ ಜೂಲಿಯೆಟ್ ಕ್ಷಮೆ ಬೇಡಿದಾಗ ಸಂತೋಷ ತಾಳಲಾರದೆ ಮದುವೆಯನ್ನು ಬುಧವಾರಕ್ಕೇ ಎಳೆಯುವವನೂ ಇವನೇ. ಸಾಮಗ್ರಿ ಒದಗುವುದಿಲ್ಲ, ಗುರುವಾರವೇ ಸಾಕು ಎಂದು ಹೆಂಡತಿ ಅಡ್ಡಿ ಹೇಳುತ್ತಾಳೆ. ಮನೆಯೊಡತಿಯ ಕೆಲಸವನ್ನು ಈ ರಾತ್ರಿ ನಾನೇ ಮಾಡುತ್ತೇನೆಂದು ಅವನು ನಗುತ್ತ ಹೊರಡುತ್ತಾನೆ. ಆ ರಾತ್ರಿಯೆಲ್ಲ ಅಡಿಗೆಮನೆಯಲ್ಲಿ ಓಡಾಡುವ ಈ ಮುದುಕನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕಷ್ಟ. ಆದರೆ ಆ ಸಂಭ್ರಮವೇ ಒಂದು ದಿನವನ್ನು ನುಂಗಿತು. ಬುಧವಾರ ರಾತ್ರಿ ಕುಡಿಯಬೇಕಿದ್ದ ಔಷಧವನ್ನು ಜೂಲಿಯೆಟ್ ಮಂಗಳವಾರ ರಾತ್ರಿಯೇ ಕುಡಿಯಬೇಕಾಯಿತು. ಮಾಂಟುವಾಕ್ಕೆ ಪತ್ರ ತಲುಪಿಸಲು ಇದ್ದ ಅವಧಿಯಲ್ಲಿ ಒಂದು ದಿನ ಕಡಿಮೆಯಾಯಿತು. ಬ್ರೂಕನ ಕಾವ್ಯದಲ್ಲಿ ತಿಂಗಳುಗಟ್ಟಲೆ ಹರಡಿದ್ದ ಕತೆಯನ್ನು ಶೇಕ್ಸ್‌ಪಿಯರ್ ಭಾನುವಾರದಿಂದ ಗುರುವಾರದ ಮುಂಜಾವಿನವರೆಗಿನ ಐದು ದಿನಗಳಿಗೆ ಕುಗ್ಗಿಸಿದ್ದರ ಅರ್ಥ ಇಲ್ಲಿ ತಿಳಿಯುತ್ತದೆ. ಅವಸರವೆಂಬುದು ಪ್ರೇಮಿಗಳ ದೋಷವೆಂದು ಹೇಳುವವರು ಕ್ಯಾಪ್ಯುಲೆಟ್ಟನ ಪಂಚಾಂಗವನ್ನು ಒಮ್ಮೆ ನೋಡಬೇಕು.

ಸೋಮವಾರ ರಾತ್ರಿಯ ನಿಶ್ಚಯಕ್ಕೂ ಮಂಗಳವಾರ ಸಂಜೆಯ ಸಂಭ್ರಮಕ್ಕೂ ನಡುವೆ ಇರುವುದು ಮೂರನೆಯ ಅಂಕದ ಐದನೆಯ ದೃಶ್ಯ. ಮದುವೆ ಬೇಡವೆಂದ ಮಗಳಿಗೆ ಕ್ಯಾಪ್ಯುಲೆಟ್ ಬೀದಿಯಲ್ಲಿ ಭಿಕ್ಷೆ ಬೇಡಿ ಉಪವಾಸ ಸಾಯಿ ಎಂದು ಹೇಳುತ್ತಾನೆ. ಎರಡು ದಿನ ಹಿಂದೆ ಅವಳ ಒಪ್ಪಿಗೆಯೇ ಮುಖ್ಯವೆಂದವನು ಇವನು. ಗಮನಿಸಬೇಕಾದ ಸಂಗತಿಯೆಂದರೆ ಆ ಕೋಣೆಯಲ್ಲಿ ಅವನನ್ನು ಯಾರೂ ತಡೆಯಲಿಲ್ಲವೆಂಬುದು ಸುಳ್ಳು. ಹೆಂಡತಿ, ನಿನಗೆ ಹುಚ್ಚೇ ಎಂದು ಕೇಳುತ್ತಾಳೆ. ಸಾಕುತಾಯಿ ಇನ್ನೂ ನೇರವಾಗಿ, ಹೀಗೆ ಬೈಯುವುದು ನಿಮ್ಮದೇ ತಪ್ಪು ಎಂದು ಯಜಮಾನನ ಮುಖಕ್ಕೇ ಹೇಳುತ್ತಾಳೆ. ಒಡೆಯನ ಮನೆಯಲ್ಲಿ ಅನ್ನ ತಿನ್ನುವವಳಿಗೆ ಅದು ಸಣ್ಣ ಧೈರ್ಯವಲ್ಲ. ಅವನು ಗದರಿಸಿ ಹೋದ ಮೇಲೆ ತಾಯಿ, ಇನ್ನು ನಿನಗೂ ನನಗೂ ಮಾತಿಲ್ಲ, ಏನಾದರೂ ಮಾಡಿಕೋ ಎಂದು ಹೊರಟುಬಿಡುತ್ತಾಳೆ. ಉಳಿದವಳು ಸಾಕುತಾಯಿ ಒಬ್ಬಳೇ.

ಈ ಪಾತ್ರದ ಹೆಸರೇ ಕನ್ನಡದಲ್ಲಿ ತೊಡಕು ತರುತ್ತದೆ. ‘ದಾದಿ’ ಎಂದರೆ ಇಂದಿನ ಓದುಗರಿಗೆ ಆಸ್ಪತ್ರೆಯ ನೆನಪಾಗುತ್ತದೆ. ಹಾಲಿನ ನೆನಪು ಬರುವುದಿಲ್ಲ. ನಾಟಕದಲ್ಲಿ ಅವಳ ಮೊದಲ ದೀರ್ಘ ಮಾತೇ ಹಾಲು ಬಿಡಿಸಿದ ದಿನದ್ದು: ಹನ್ನೊಂದು ವರ್ಷದ ಹಿಂದಿನ ಭೂಕಂಪ, ಮಾಂಟುವಾಕ್ಕೆ ಹೋಗಿದ್ದ ತಂದೆತಾಯಿ, ಬಿಸಿಲಿನಲ್ಲಿ ಮಗುವನ್ನಿಟ್ಟುಕೊಂಡು ಕುಳಿತಿದ್ದ ತಾನು. ಜೂಲಿಯೆಟ್ಟಳ ಓರಗೆಯ ತನ್ನ ಸ್ವಂತ ಮಗಳು ಸೂಸನ್ ಸತ್ತುಹೋದಳೆಂಬುದನ್ನೂ ಅವಳು ಅದೇ ಲಹರಿಯಲ್ಲಿ ಹೇಳಿ ಮುಗಿಸುತ್ತಾಳೆ. ಸತ್ತ ಮಗುವಿನ ಹಾಲು ಕುಡಿದು ಬೆಳೆದವಳು ಈ ಹುಡುಗಿ. ಆದ್ದರಿಂದಲೇ ‘ಏನಾದರೂ ಸಮಾಧಾನ ಹೇಳು’ ಎಂಬ ಜೂಲಿಯೆಟ್ಟಳ ಯಾಚನೆಗೆ ಬರುವ ಉತ್ತರ ಅಷ್ಟು ಭಯಂಕರವಾಗುತ್ತದೆ. ರೋಮಿಯೋ ದೇಶಭ್ರಷ್ಟ, ಹಿಂದಿರುಗಲಾರ. ಪ್ಯಾರಿಸ್ ಅವನಿಗಿಂತ ಚೆಲುವ. ಈ ಎರಡನೆಯ ಮದುವೆಯೇ ಲೇಸು ಎನ್ನುತ್ತಾಳೆ. ಮದುವೆಗೆ ಓಡಾಡಿದವಳು, ರೋಮಿಯೋವಿನ ಅಂಗಾಂಗ ಹೊಗಳಿದವಳು, ಹಗ್ಗದ ಏಣಿ ಹೊತ್ತು ತಂದವಳು ಇವಳೇ. ಇದರಲ್ಲಿ ದ್ವೇಷವಿಲ್ಲ. ಬದುಕಿ ಉಳಿಯುವುದನ್ನು ಮಾತ್ರ ಕಲಿತ ಬಡವಳ ವಿವೇಕವಿದೆ. ಆದರೆ ಯಜಮಾನನನ್ನು ಎದುರಿಸಿದ ಧೈರ್ಯ ಇನ್ನು ಐವತ್ತು ಸಾಲುಗಳ ಕಾಲ ಉಳಿದಿದ್ದರೆ, ಅವಳು ಈಗಾಗಲೇ ವಿವಾಹಿತೆ ಎಂಬ ಒಂದು ವಾಕ್ಯವನ್ನು ಹೇಳಬಲ್ಲ ಸಾಕ್ಷಿ ಆ ಮನೆಯಲ್ಲಿ ಇದ್ದಂತಾಗುತ್ತಿತ್ತು. ಜೂಲಿಯೆಟ್ ಆ ಕ್ಷಣದಿಂದ ಅವಳಿಗೆ ಏನನ್ನೂ ಹೇಳುವುದಿಲ್ಲ. ಹದಿಮೂರರ ಹುಡುಗಿ ಒಂಟಿಯಾಗುವುದು ವಿಧಿಯಿಂದಲ್ಲ, ಈ ಒಂದು ಉತ್ತರದಿಂದ.

ಸಂನ್ಯಾಸಿ ಲಾರೆನ್ಸನದು ಹೆಚ್ಚು ಜಟಿಲವಾದ ಸೋಲು, ವಿಮರ್ಶಕರು ಹೆಚ್ಚು ಮನ್ನಿಸಿರುವ ಸೋಲು ಕೂಡ. ಅವನು ಮದುವೆ ಮಾಡಿಸಲು ಒಪ್ಪುವುದು ಪ್ರೇಮದ ಮೇಲಿನ ನಂಬಿಕೆಯಿಂದಲ್ಲ; ನಿನ್ನೆಯವರೆಗೆ ರೋಸಲೀನಳಿಗಾಗಿ ಅತ್ತ ಹುಡುಗನ ಬಗ್ಗೆ ಅವನಿಗೆ ಅನುಮಾನಗಳಿವೆ. ಈ ಸಂಬಂಧದಿಂದ ಎರಡು ಮನೆಗಳ ಹಗೆ ಪ್ರೀತಿಯಾದೀತೆಂಬ ಆಸೆಯಿಂದ ಒಪ್ಪುತ್ತಾನೆ. ಉದ್ದೇಶ ದೊಡ್ಡದು. ಆದರೆ ಮನೆತನಗಳನ್ನು ಬೆಸೆಯುವ ಮದುವೆ ಮನೆತನಗಳಿಗೆ ತಿಳಿಯಬೇಕು. ಗುಟ್ಟಾಗಿರುವವರೆಗೆ ಅದು ಸಂಧಾನವಾಗಲಾರದು. ರಹಸ್ಯವಾಗಿ ನೆರವೇರಿದ ಈ ರಾಜತಂತ್ರ ಹೊರಬೀಳುವುದು ಗೋರಿಯಲ್ಲಿ. ನಿಧಾನವೇ ವಿವೇಕ, ಓಡುವವನು ಎಡವುತ್ತಾನೆ ಎಂದು ರೋಮಿಯೋವಿಗೆ ಹೇಳಿದವನು ಆ ದಿನವೇ ತಾಳಿ ಕಟ್ಟಿಸುತ್ತಾನೆ, ನಮ್ಮ ಮಾತಿನಲ್ಲಿ ಹೇಳುವುದಾದರೆ.

ರೋಮಿಯೋ ಗಡಿಪಾರಾದಾಗ ಸಂನ್ಯಾಸಿ ಹಾಕುವ ಯೋಜನೆ ನಾಟಕದಲ್ಲೇ ಅತ್ಯಂತ ಸಮರ್ಪಕವಾದುದು: ಮಾಂಟುವಾದಲ್ಲಿ ಇರು, ಸಮಯ ನೋಡಿ ಮದುವೆಯನ್ನು ಬಹಿರಂಗಪಡಿಸುತ್ತೇವೆ, ಬಂಧುಗಳನ್ನು ಸಮಾಧಾನಪಡಿಸಿ ದೊರೆಯ ಕ್ಷಮೆ ಕೇಳಿ ನಿನ್ನನ್ನು ಕರೆಸುತ್ತೇವೆ. ನಡುವೆ ನಿನ್ನ ಸೇವಕನ ಮೂಲಕ ಇಲ್ಲಿಯ ಸುದ್ದಿ ಕಾಲಕಾಲಕ್ಕೆ ಮುಟ್ಟಿಸುತ್ತೇನೆ. ಇದರಲ್ಲಿ ಯಾವುದೊಂದೂ ನಡೆಯುವುದಿಲ್ಲ. ಪ್ಯಾರಿಸನೊಂದಿಗಿನ ಮದುವೆ ನಿಶ್ಚಯವಾದಾಗ ಬಹಿರಂಗಪಡಿಸುವ ಗಳಿಗೆ ಬಂದಿತ್ತು. ಪ್ಯಾರಿಸ್ ಅವನ ಆಶ್ರಮದಲ್ಲೇ ಎದುರಿಗೆ ನಿಂತಿದ್ದ. ಆದರೆ ಸಂನ್ಯಾಸಿ ಮಾತಿನ ಬದಲು ಗಿಡಮೂಲಿಕೆಗೆ ಶರಣಾಗುತ್ತಾನೆ: ೪೨ ಗಂಟೆಗಳ ಸಾವಿನಂಥ ನಿದ್ರೆ. ಜೂಲಿಯೆಟ್ ಕೈಯಲ್ಲಿ ಚೂರಿ ಹಿಡಿದು ಬಂದಿದ್ದಳೆಂಬುದನ್ನು ಅವನ ಪರವಾಗಿ ಹೇಳಲೇಬೇಕು. ಹತಾಶೆಗೆ ಹತಾಶ ಉಪಾಯವೇ ಹೊಳೆಯಿತು. ಆದರೂ ಮನೆಗೆ ಹೋಗಿ ಒಪ್ಪಿದಂತೆ ನಟಿಸು ಎಂದು ಅವನೇ ಕಲಿಸಿದ ನಟನೆಯಿಂದಲೇ ಕ್ಯಾಪ್ಯುಲೆಟ್ ಹಿಗ್ಗಿ ಮದುವೆಯ ದಿನವನ್ನು ಹಿಂದಕ್ಕೆ ಎಳೆದದ್ದು.

ಇನ್ನು ಪತ್ರದ ವಿಷಯ. ಅದು ತಲುಪದಿದ್ದುದನ್ನು ವಿಧಿವಾದಿಗಳು ಮುಖ್ಯ ಸಾಕ್ಷ್ಯವಾಗಿ ಮುಂದಿಡುತ್ತಾರೆ. ಪ್ಲೇಗಿನ ಶಂಕೆಯಿಂದ ಕಾವಲಿನವರು ಬಾಗಿಲು ಮುದ್ರೆಯೊತ್ತಿದ ಮನೆಯೊಳಗೆ ದೂತ ಸಿಕ್ಕಿಬಿದ್ದುದು ಆಕಸ್ಮಿಕವೇ ಸರಿ. ಆದರೆ ಆ ದೂತ ಯಾರು? ರೋಮಿಯೋವಿನ ಸೇವಕನ ಮೂಲಕ ಸುದ್ದಿ ಕಳುಹಿಸುತ್ತೇನೆಂದು ಮಾತುಕೊಟ್ಟಿದ್ದ ಲಾರೆನ್ಸ್, ನಾಲ್ಕನೆಯ ಅಂಕದಲ್ಲಿ ಆ ಮಾತನ್ನು ಮರೆತು ತನ್ನ ಪಂಥದ ಸಂನ್ಯಾಸಿಯೊಬ್ಬನನ್ನು ಕಳುಹಿಸುತ್ತಾನೆ. ಸೇವಕ ಬಾಲ್ತಸಾರನಿಗೆ ಯಾರೂ ಏನನ್ನೂ ತಿಳಿಸಿಲ್ಲ. ಅವನು ಜೂಲಿಯೆಟ್ಟಳ ಶವಸಂಸ್ಕಾರವನ್ನು ಕಣ್ಣಾರೆ ಕಂಡು, ಕುದುರೆಯೇರಿ, ಯಾವ ಅಡ್ಡಿಯೂ ಇಲ್ಲದೆ ಮಾಂಟುವಾ ಮುಟ್ಟುತ್ತಾನೆ. ದಾರಿ ತೆರೆದೇ ಇತ್ತು. ಆ ದಾರಿಯಲ್ಲಿ ಹೋಗಬಲ್ಲವನಿಗೆ ಸತ್ಯವನ್ನು ಒಪ್ಪಿಸಿರಲಿಲ್ಲ, ಅಷ್ಟೆ. ಸಣ್ಣ ವಿವರವೆನಿಸಬಹುದು, ಆದರೆ ಆಕಸ್ಮಿಕವು ಹಿರಿಯನೊಬ್ಬನ ಮರೆವಿನ ಬೆನ್ನೇರಿ ಬರುವುದು ಇಲ್ಲಿ ಸ್ಪಷ್ಟ.

ಗೋರಿಯ ದೃಶ್ಯದಲ್ಲಿ ಅವನ ಕೊನೆಯ ಸೋಲಿದೆ. ಜೂಲಿಯೆಟ್ ಎಚ್ಚರಗೊಂಡು ಗಂಡನೆಲ್ಲಿ ಎಂದು ಕೇಳುತ್ತಾಳೆ. ಸಂನ್ಯಾಸಿನಿಯರ ಮಠವೊಂದಕ್ಕೆ ಸೇರಿಸುತ್ತೇನೆ ಬಾ ಎನ್ನುತ್ತಾನೆ ಲಾರೆನ್ಸ್. ಹೊರಗೆ ಕಾವಲಿನವರ ಸದ್ದಾದೊಡನೆ, ಇನ್ನು ನಿಲ್ಲಲಾರೆ ಎಂದು ಓಡುತ್ತಾನೆ. ಚೂರಿಯನ್ನು ಒಮ್ಮೆ ಅವಳ ಕೈಯಲ್ಲಿ ಕಂಡಿದ್ದವನು ಈಗ ರೋಮಿಯೋವಿನ ಚೂರಿಯ ಪಕ್ಕದಲ್ಲೇ ಅವಳನ್ನು ಬಿಟ್ಟುಹೋಗುತ್ತಾನೆ.

ನಂತರ ಅವನು ದೊರೆಯ ಮುಂದೆ ನಿಂತು, ಚುಟುಕಾಗಿ ಹೇಳುತ್ತೇನೆಂದು ಆರಂಭಿಸಿ ಸುಮಾರು ನಲವತ್ತು ಸಾಲುಗಳಲ್ಲಿ ನಡೆದುದನ್ನೆಲ್ಲ ಹೇಳುತ್ತಾನೆ. ಪ್ರೇಕ್ಷಕರಿಗೆ ಈಗಾಗಲೇ ಗೊತ್ತಿರುವ ಸಂಗತಿಯೆಂದು ರಂಗಭೂಮಿಯಲ್ಲಿ ಈ ಭಾಗಕ್ಕೆ ಕತ್ತರಿ ಬೀಳುವುದು ವಾಡಿಕೆ. ಜೆಫಿರೆಲ್ಲಿಯ ೧೯೬೮ರ ಚಲನಚಿತ್ರದಲ್ಲಿಯೂ ಅದು ಇಲ್ಲ. ಈ ಕತ್ತರಿಯಿಂದ ನಾಟಕದ ನ್ಯಾಯವೇ ಕುಂಟಾಗುತ್ತದೆ. ಆ ನಲವತ್ತು ಸಾಲುಗಳು ಪ್ರೇಕ್ಷಕರಿಗಾಗಿ ಇರುವುದಲ್ಲ. ಸೋಮವಾರವೇ ಎರಡು ಮನೆಗಳ ಎದುರು ಹೇಳಬೇಕಿದ್ದ ಮಾತನ್ನು ಗುರುವಾರ, ಹೆಣಗಳ ನಡುವೆ ಹೇಳುವುದು ಹೇಗಿರುತ್ತದೆಂದು ಕೇಳಿಸಲಿಕ್ಕೆ ಅವು ಇವೆ. ಅದು ಬೇಸರ ಹುಟ್ಟಿಸುವಷ್ಟು ಸರಳವಾಗಿದೆ. ಹೇಳಲು ಅಷ್ಟೇ ಇತ್ತು.

ದೊರೆ ಎಸ್ಕಲಸನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬೀದಿಯಲ್ಲಿ ಮತ್ತೆ ಜಗಳವಾದರೆ ಪ್ರಾಣದಂಡವೆಂದು ಘೋಷಿಸಿ, ಕ್ಯಾಪ್ಯುಲೆಟ್ ಈಗ ಬಾ, ಮಾಂಟೆಗ್ಯೂ ಮಧ್ಯಾಹ್ನ ಬಾ ಎಂದು ಇಬ್ಬರನ್ನೂ ಬೇರೆಬೇರೆಯಾಗಿ ಕರೆದ ಅರಸ, ಕೊನೆಗೆ ತನ್ನ ತಪ್ಪನ್ನು ತಾನೇ ಹೇಳಿಕೊಳ್ಳುತ್ತಾನೆ: ಕಂಡೂ ಕಾಣದಂತಿದ್ದೆ, ಅದಕ್ಕಾಗಿ ಇಬ್ಬರು ಬಂಧುಗಳನ್ನು ಕಳೆದುಕೊಂಡೆ. ನಾಟಕದ ಹಿರಿಯರಲ್ಲಿ ತಪ್ಪನ್ನು ಯಾವ ಷರತ್ತೂ ಇಲ್ಲದೆ ಒಪ್ಪಿಕೊಂಡವನು ಇವನೊಬ್ಬನೆಂಬುದನ್ನು ಮರೆಯಬಾರದು. ಲಾರೆನ್ಸನ ಮಾತಿನಲ್ಲಿ ‘ಇದರಲ್ಲಿ ನನ್ನ ತಪ್ಪೇನಾದರೂ ಇದ್ದರೆ’ ಎಂಬ ‘ಆದರೆ’ ಇದೆ.

ಪ್ರೇಮಿಗಳೂ ನಿರಪರಾಧಿಗಳಲ್ಲ. ಟಿಬಾಲ್ಟನನ್ನು ಕೊಂದ ಕೈ ರೋಮಿಯೋವಿನದು. ಗೋರಿಯ ಬಾಗಿಲಲ್ಲಿ ಪ್ಯಾರಿಸನನ್ನು ಕೊಂದ ಕೈಯೂ ಅದೇ. ಆದರೆ ಬ್ರೂಕ್ ತನ್ನ ಕಾವ್ಯದ ಮುನ್ನುಡಿಯಲ್ಲಿ ಮಾಡಿದಂತೆ, ತಂದೆತಾಯಿಯ ಅಧಿಕಾರವನ್ನು ಮೀರಿ ಕಾಮಕ್ಕೆ ಬಲಿಯಾದವರೆಂದು ಅವರನ್ನು ದೂರುವ ದಾರಿಯನ್ನು ಶೇಕ್ಸ್‌ಪಿಯರ್ ಹಿಡಿಯಲಿಲ್ಲ. ಕೊನೆಯಲ್ಲಿಯೂ ಇಬ್ಬರ ದಾರಿ ಬೇರೆಯಾಗುತ್ತದೆ. ಬ್ರೂಕನಲ್ಲಿ ನ್ಯಾಯದಾನ ಪೂರ್ತಿಯಾಗುತ್ತದೆ: ಮದುವೆಯನ್ನು ಮುಚ್ಚಿಟ್ಟ ಸಾಕುತಾಯಿಗೆ ಗಡಿಪಾರು, ವಿಷ ಮಾರಿದ ಔಷಧಿ ವ್ಯಾಪಾರಿಗೆ ಗಲ್ಲು, ಸಂನ್ಯಾಸಿಗೆ ಕ್ಷಮೆ. ತಂದೆಯರಿಗೆ ಏನೂ ಇಲ್ಲ. ಅತಿ ಬಡವನಾದ ಹಿರಿಯನಿಗೆ ಅತಿ ದೊಡ್ಡ ಶಿಕ್ಷೆ. ಶೇಕ್ಸ್‌ಪಿಯರನ ಔಷಧಿ ವ್ಯಾಪಾರಿ ಮಾತ್ರ ವಿಷ ಮಾರುವಾಗ, ಒಪ್ಪುತ್ತಿರುವುದು ನನ್ನ ಬಡತನ, ಮನಸ್ಸಲ್ಲ ಎಂದು ಹೇಳಿಯೇ ಕೊಡುತ್ತಾನೆ. ರೋಮಿಯೋವಿಗೆ ವಿಷ ಕಳುಹಿಸಬೇಕೆಂಬ ಆಲೋಚನೆ ನಾಟಕದಲ್ಲಿ ಮೊದಲು ಬಂದದ್ದು ಜೂಲಿಯೆಟ್ಟಳ ತಾಯಿಯ ಬಾಯಲ್ಲಿ ಎಂಬುದನ್ನು ನೆನೆದರೆ, ಬ್ರೂಕನ ತೀರ್ಪು ಎಂಥದೆಂದು ತಿಳಿಯುತ್ತದೆ. ಶೇಕ್ಸ್‌ಪಿಯರ್ ಆ ತೀರ್ಪನ್ನು ಅಳಿಸಿದ. ಅವನ ದೊರೆ ಮೊದಲು ಎಲ್ಲರಿಗೂ ಶಿಕ್ಷೆಯಾಗಿದೆ ಎನ್ನುತ್ತಾನೆ. ಬಳಿಕ ಕೆಲವರಿಗೆ ಕ್ಷಮೆ, ಕೆಲವರಿಗೆ ಶಿಕ್ಷೆ ಎನ್ನುತ್ತಾನೆ. ಯಾರ ಹೆಸರನ್ನೂ ಹೇಳುವುದಿಲ್ಲ.

ಕನ್ನಡಕ್ಕೆ ಈ ಕತೆ ಬಂದಾಗ ಮೂರನೆಯದೊಂದು ಮುಕ್ತಾಯ ಹುಟ್ಟಿತು. ೧೯ನೆಯ ಶತಮಾನದ ಕೊನೆಯ ಭಾಗದಲ್ಲಿ ಆನಂದರಾವ್ ರಚಿಸಿದ ‘ರಾಮವರ್ಮ ಲೀಲಾವತಿ’ ರೂಪಾಂತರದಲ್ಲಿ ಪ್ರೇಮಿಗಳು ದೈವಾನುಗ್ರಹದಿಂದ ಮತ್ತೆ ಜೀವ ಪಡೆಯುತ್ತಾರೆ. ನಾಟಕವು ಸಾವಿನಲ್ಲಿ ಮುಗಿಯುವುದನ್ನು ಒಪ್ಪದ ಸಂಸ್ಕೃತ ಸಂಪ್ರದಾಯದ ನೆರಳು ಅದರ ಮೇಲಿದೆ. ದುರಂತವನ್ನು ಅರ್ಥಮಾಡಿಕೊಳ್ಳದ ಕಾಲದ ಎಳಸುತನವೆಂದು ಇಂಥ ಬದಲಾವಣೆಗಳನ್ನು ತಳ್ಳಿಹಾಕುವುದು ರೂಢಿ. ಈ ಮುಕ್ತಾಯ ಹಿರಿಯರನ್ನು ಸುಲಭವಾಗಿ ಪಾರುಮಾಡುತ್ತದೆಂಬುದೂ ನಿಜ. ದೇವರು ಸರಿಪಡಿಸಿದ ಮೇಲೆ ಉತ್ತರ ಹೇಳಬೇಕಾದ ಅಗತ್ಯ ಯಾರಿಗೂ ಇರುವುದಿಲ್ಲ. ಆದರೆ ಅದರಲ್ಲಿ ಇನ್ನೊಂದು ನಿರಾಕರಣೆಯೂ ಅಡಗಿದೆ. ಮಕ್ಕಳ ಹೆಣಗಳ ಮೇಲೆ ಹಿರಿಯರು ರಾಜಿಯಾಗುವುದನ್ನು ಮಂಗಳವೆಂದು ಕರೆಯಲು ಈ ರೂಪಾಂತರ ಒಪ್ಪುವುದಿಲ್ಲ. ಶೇಕ್ಸ್‌ಪಿಯರನ ಮುಕ್ತಾಯವನ್ನು ಸಾಮರಸ್ಯದ ವಿಜಯವೆಂದು ಬಣ್ಣಿಸುವ ವಿಮರ್ಶೆಗಿಂತ ಈ ಹಳೆಯ ರಂಗಕವಿಯ ಅಸಮಾಧಾನವೇ ಮೂಲಕ್ಕೆ ಹತ್ತಿರವಾಗಿದೆ.

ಏಕೆಂದರೆ ಮೂಲದ ಆ ರಾಜಿಯನ್ನು ಕಿವಿಗೊಟ್ಟು ಕೇಳಬೇಕು. ಕ್ಯಾಪ್ಯುಲೆಟ್ ಕೈ ಚಾಚುತ್ತಾನೆ. ಮಗಳಿಗೆ ಗಂಡಿನ ಕಡೆಯಿಂದ ಬರಬೇಕಾದ ಉಂಬಳಿ ಈ ಕೈಯೇ ಎನ್ನುತ್ತಾನೆ. ಮಾಂಟೆಗ್ಯೂ, ಅದಕ್ಕಿಂತ ಹೆಚ್ಚನ್ನು ಕೊಡಬಲ್ಲೆ, ಜೂಲಿಯೆಟ್ಟಳ ಪ್ರತಿಮೆಯನ್ನು ಅಪ್ಪಟ ಚಿನ್ನದಲ್ಲಿ ನಿಲ್ಲಿಸುತ್ತೇನೆ ಎನ್ನುತ್ತಾನೆ. ಹಾಗಾದರೆ ಅವಳ ಪಕ್ಕದಲ್ಲಿ ರೋಮಿಯೋವಿನದೂ ಅಷ್ಟೇ ಬೆಲೆಯದ್ದಾಗಿರುತ್ತದೆ ಎಂದು ಕ್ಯಾಪ್ಯುಲೆಟ್ ಮರುನುಡಿಯುತ್ತಾನೆ. ಹಿಂದಿನ ದಿನವಷ್ಟೇ ಮಾಂಟುವಾದಲ್ಲಿ ರೋಮಿಯೋ ನಲವತ್ತು ಡುಕಾಟ್ ನಾಣ್ಯಗಳನ್ನು ಔಷಧಿ ವ್ಯಾಪಾರಿಯ ಕೈಗಿಟ್ಟು, ನೀನು ಮಾರುವ ವಿಷಕ್ಕಿಂತ ಈ ಚಿನ್ನವೇ ಕೆಟ್ಟ ವಿಷವೆಂದು ಹೇಳಿದ್ದ. ಅದು ತಂದೆಯರಿಗೆ ಗೊತ್ತಿಲ್ಲ. ಬೆಲೆಯ ಮಾತು ಮುಗಿದ ಮೇಲೆ ದೊರೆ ಅವರನ್ನು, ಹೋಗಿ ಈ ದುಃಖದ ಸಂಗತಿಗಳ ಬಗ್ಗೆ ಇನ್ನಷ್ಟು ಮಾತಾಡಿಕೊಳ್ಳಿ ಎಂದು ಕಳುಹಿಸುತ್ತಾನೆ. ಅವರು ಮಾತಾಡಲು ಒಟ್ಟಿಗೆ ಹೊರಡುತ್ತಾರೆ. ಹೊರಗೆ ಬೆಳಗಾಗಿದೆ, ಸೂರ್ಯನಿನ್ನೂ ಮುಖ ತೋರಿಸಿಲ್ಲ.